ಸ್ಪೇನಿನ ಕೆಂಪು ವೈನ್ ನಾಶವಾದ ಬಗೆ

1976ರ ಚಳಿಗಾಲದಲ್ಲಿ ನಾನು ಅಳ್ನಾವರದಲ್ಲಿ ಅಬಕಾರಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಗೋವಾ ಕಡೆಯಿಂದ ಬರುವ ರೈಲುಗಳಲ್ಲಿ ಪರವಾನಗಿ ಇಲ್ಲದ ಮದ್ಯ ಹಿಡಿಯುವುದು ಕೆಲಸ. ನಮ್ಮದು ಕುಂದಗೋಳದ ಲಿಂಗಾಯತ ಮನೆತನ. ಕೊರಳಲ್ಲಿ ಲಿಂಗ ಇತ್ತು, ನಾಲಿಗೆಗೆ ಒಂದು ಹನಿ ಮದ್ಯ ಸೋಕಿರಲಿಲ್ಲ. ಜೊತೆಯವರಿಗೆ ಇದೊಂದು ದೊಡ್ಡ ಚೇಷ್ಟೆಯ ವಿಷಯ. ಮಾಡಿಕೊಳ್ಳಲಿ ಎಂದು ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಯುವಕನ ಟ್ರಂಕು ಬಿಚ್ಚಿಸಿದೆ. ಸೀರೆಗಳ ನಡುವೆ ಆರು ಬಾಟಲಿ ಕೆಂಪು ವೈನ್. ಅವನು ಹಡಗಿನಲ್ಲಿ ಕೆಲಸ ಮಾಡುವ ಮಿಂಗೆಲ್. ರೈಲ್ವೆಯಲ್ಲಿ ಅಡುಗೆಯವರಾಗಿದ್ದು ನಿವೃತ್ತರಾಗಿ ಅಳ್ನಾವರದಲ್ಲೇ ನೆಲೆಸಿದ್ದ ಪೆದ್ರು ಕಾಕಾನ ಮಗ. ತಂಗಿಯ ಮದುವೆಗೆಂದು ಸ್ಪೇನಿನ ಬಂದರಿನಲ್ಲಿ ಕೊಂಡು ತಂದಿದ್ದ.

"ಭಾರಿ ಕಿಮ್ಮತ್ತಿಂದಲ್ರಿ ಸಾಹೇಬ್ರ," ಎಂದ. "ಅಲ್ಲಿ ಕೂಲಿ ಮಂದಿನೂ ಇದನ್ನ ಕುಡೀತಾರ. ಆದ್ರ ಬಳ್ಳಿ ಅವರ ಮುತ್ಯಾನ ಕಾಲದ್ದು. ಹಳೇ ಬಳ್ಳಿ ಹಣ್ಣು ಕಡಿಮಿ ಬಿಡತಾವ್ರಿ, ಬಿಟ್ಟಷ್ಟರ ರಸ ಅಗದಿ ಗಟ್ಟಿ."

ಪರವಾನಗಿ ಇರಲಿಲ್ಲ, ಜಪ್ತಿ ಮಾಡಿದೆ. ಅದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ದಂಡ ಕಟ್ಟಿಸಿಕೊಂಡು ಮದುವೆಯ ಮಟ್ಟಿಗೆ ಪರವಾನಗಿ ಕೊಡುವ ಅಧಿಕಾರ ನನ್ನ ಮೇಲಧಿಕಾರಿಗೆ ಇತ್ತು. ಪೆದ್ರು ಕಾಕಾನಂಥ ಕ್ರೈಸ್ತರ ಮದುವೆಯಲ್ಲಿ ವಧೂವರರಿಗೆ ಶುಭ ಕೋರಿ ಎಲ್ಲರೂ ಒಟ್ಟಿಗೆ ವೈನಿನ ಗ್ಲಾಸು ಎತ್ತಬೇಕು. ನಮ್ಮಲ್ಲಿ ವಧೂವರರ ತಲೆಗೆ ಅಕ್ಕಿಕಾಳು ಹಾಕಿದಂತೆ ಅದು. ಪೆದ್ರು ಕಾಕಾನ ಅರ್ಜಿಗೆ ಶಿಫಾರಸು ಬರೆದು ನಾನೇ ಒಯ್ದೆ.

ಮೇಲಧಿಕಾರಿ ಅರ್ಜಿಯನ್ನು ಬದಿಗೆ ಸರಿಸಿದರು. "ಸ್ಪೇನದ್ದಾ? ಇಂಥಾ ಮಾಲು ಅಡಗಿಯವನ ಮನ್ಯಾಗ ಯಾಕ್ರಿ? ಜಪ್ತಿ ಮಾಲು ನಾಶ ಮಾಡ್ರಿ. ಶನಿವಾರ ನಮ್ಮ ಮನ್ಯಾಗ ಊಟ ಐತಿ, ಜೀಪು ಕಳಸ್ತೀನಿ."

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. 'ನಾಶ' ಎಂದರೆ ಕಾಗದದಲ್ಲಿ, ಪಂಚರ ಅಂದರೆ ಊರ ಸಾಕ್ಷಿದಾರರ ಎದುರಿಗೆ, ಮದ್ಯವನ್ನು ನೆಲಕ್ಕೆ ಸುರಿಯುವುದು. ಆ ಸಾಹೇಬರ ಬಾಯಲ್ಲಿ ಅದರ ಅರ್ಥ ಬೇರೆ; ಅವರು ನಾಶ ಮಾಡಿದ್ದೆಲ್ಲ ಅವರ ಹೊಟ್ಟೆ ಸೇರಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ನನಗೆ ಮೈಯೆಲ್ಲ ಉರಿಯಿತು.

"ಹುಕುಂ ಬರದು ಕೊಡ್ರಿ ಸರ್," ಎಂದೆ. ಅವರು ನಗುತ್ತಲೇ ಬರೆದರು: ಜಪ್ತಿ ಮಾಲನ್ನು ನಾಶಪಡಿಸತಕ್ಕದ್ದು. ಊಟದ ಮಾತನ್ನು ಬರೆಯಲು ಅವರಿಗೂ ಧೈರ್ಯವಿರಲಿಲ್ಲ.

ಶುಕ್ರವಾರ ಪೆದ್ರು ಕಾಕಾನ ಮನೆಗೆ ಹೋಗಿ ಪರವಾನಗಿ ಸಿಗಲಿಲ್ಲ, ಮಾಲು ನಾಶ ಮಾಡಲು ಹುಕುಂ ಆಗಿದೆ ಎಂದೆ. ಮದುವೆಗೆ ಎರಡೇ ದಿನ ಉಳಿದಿತ್ತು. ಪೆದ್ರು ಕಾಕಾ ಕೇಳಿದರು: "ನಾಶ ಅಂದ್ರ ಯಾವ ನಾಶ ರೀ? ನೆಲದಾಗೋ, ದೊಡ್ಡ ಸಾಹೇಬ್ರ ಹೊಟ್ಯಾಗೋ?"

ಇಡೀ ಊರಿಗೇ ಗೊತ್ತಿತ್ತು! ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ನೆಲದಾಗ ಕಾಕಾ. ನೀವೂ ಬರ್ರಿ, ನಿಮ್ಮ ಕಣ್ಣಾರೆ ನೋಡ್ರಿ," ಎಂದೆ.

ಶನಿವಾರ ಬೆಳಿಗ್ಗೆ ಕಚೇರಿಯ ಹಿತ್ತಲಲ್ಲಿ ಒಬ್ಬ ಕಟ್ಟಿಗೆ ವ್ಯಾಪಾರಿ, ಒಬ್ಬ ಶಾಲಾ ಮಾಸ್ತರ ಪಂಚರಾಗಿ ನಿಂತರು. ಒಂದೊಂದೇ ಬಾಟಲಿ ಬಿಚ್ಚಿ ಸುರಿದೆ. ನೇರಳೆ ಹಣ್ಣು ಜಜ್ಜಿದಂಥ ವಾಸನೆ ಹಿತ್ತಲೆಲ್ಲ ಹರಡಿತು. ಅಪ್ಪನ ಜೊತೆ ಬಂದಿದ್ದ ಮಿಂಗೆಲ್ ಮುಖ ತಿರುಗಿಸಿ ನಿಂತ. ಕಡೆಯ ಬಾಟಲಿಗೆ ಪೆದ್ರು ಕಾಕಾ ಕೈಚಾಚಿದರು.

"ಇದನ್ನ ನಾನ ಸುರೀತೀನ್ರಿ. ನನ್ನ ಮಗಳ ಮದುವಿ ವೈನ್ ನೆಲಾ ಕುಡೀಲಿ. ಆ ದೊಡ್ಡ ಸಾಹೇಬ ಮಾತ್ರ ಕುಡಿಯೂದು ಬ್ಯಾಡ."

ಹನಿ ಉಳಿಯದಂತೆ ಸುರಿದು, ಕಣ್ಣೊರೆಸಿಕೊಂಡು ಅವರು ಮನೆಗೆ ಹೋದರು. ಮಧ್ಯಾಹ್ನ ಬಂದ ಜೀಪಿನಲ್ಲಿ ಪಂಚನಾಮೆಯ ಪ್ರತಿಯನ್ನೂ ಆರು ಖಾಲಿ ಬಾಟಲಿಗಳನ್ನೂ ಕಳಿಸಿದೆ. ಸಂಜೆ ಫೋನ್ ಬಂತು.

"ಒಂದಾದ್ರೂ ಉಳಿಸೀರೋ ಇಲ್ಲೋ?"

"ಇಲ್ರಿ ಸರ್. ಹುಕುಂ ಪ್ರಕಾರ ಪೂರಾ ನಾಶ ಆತ್ರಿ."

ಆ ಕಡೆಯಿಂದ ಬಂದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ. ಮರುದಿನ ಮದುವೆಯಲ್ಲಿ ಎಲ್ಲರೂ ಕೋಕಂ ಶರಬತ್ತಿನ ಗ್ಲಾಸು ಎತ್ತಿದರು. ಪೆದ್ರು ಕಾಕಾ ನನ್ನನ್ನು ಕರೆದು ಬೀಗರ ಸಾಲಿನಲ್ಲಿ ನಿಲ್ಲಿಸಿ ನನ್ನ ಕೈಗೂ ಒಂದು ಗ್ಲಾಸು ಕೊಟ್ಟರು.

ತಿಂಗಳೊಳಗೆ ನವಲಗುಂದಕ್ಕೆ ವರ್ಗವಾಯಿತು. ಕಾರಣ ಬರೆದಿದ್ದರು: ಮೇಲಧಿಕಾರಿಯ ಸೂಚನೆ ಪಾಲಿಸುವುದಿಲ್ಲ. ನನ್ನ ಇಡೀ ನೌಕರಿಯಲ್ಲಿ ನಾನು ಅಕ್ಷರ ತಪ್ಪದೆ ಪಾಲಿಸಿದ ಹುಕುಂ ಅದೊಂದೇ ಇರಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ: ಬರೆದ ಹುಕುಮನ್ನು ಬರೆದ ಹಾಗೆಯೇ ಮಾಡಿ ನೋಡಿ. ಕೆಲವು ಸಾಹೇಬರಿಗೆ ಅದಕ್ಕಿಂತ ದೊಡ್ಡ ಉದ್ಧಟತನ ಬೇರೊಂದಿಲ್ಲ.