ಕಟ್ಟಿಟ್ಟ ವಹಿ

ದಂಡದ ನೋಟೀಸು ಬಂದ ದಿನ ಅಪ್ಪ ಊಟ ಮಾಡಲಿಲ್ಲ. ಸೊಲ್ಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಆಗಷ್ಟೇ ಬಿ.ಕಾಂ. ಮುಗಿಸಿ ಅಂಗಡಿಯ ಲೆಕ್ಕ ನೋಡತೊಡಗಿದ್ದೆ. ದೀಪಾವಳಿಗೆ ಮುಂಚಿನ ಒಂದು ದೊಡ್ಡ ಮಾರಾಟವನ್ನು ರಿಟರ್ನಿನಲ್ಲಿ ಮುಚ್ಚಿಟ್ಟಿದ್ದೀರಿ, ತೆರಿಗೆಯ ಮೇಲೆ ದಂಡವನ್ನೂ ಏಕೆ ಹಾಕಬಾರದು ಎಂದು ಆದಾಯ ತೆರಿಗೆ ಕಚೇರಿ ಕೇಳಿತ್ತು. ಅಪ್ಪನನ್ನು ತಿಂದದ್ದು ದಂಡವಲ್ಲ, ‘ಮುಚ್ಚಿಟ್ಟಿದ್ದೀರಿ’ ಎಂಬ ಮಾತು.

ಮುಚ್ಚಿಟ್ಟಿರಲೇ ಇಲ್ಲ! ನಮ್ಮ ಮನೆಯದೊಂದು ನೇಮ. ಧನತ್ರಯೋದಶಿಗೆ ವರ್ಷದ ಲೆಕ್ಕ ಬರೆದ ಹಳೆಯ ವಹಿ ಕಟ್ಟಿಟ್ಟರೆ, ಲಕ್ಷ್ಮೀಪೂಜೆಯಲ್ಲಿ ಹೊಸ ವಹಿಗೆ ಕುಂಕುಮ ಬೀಳುವವರೆಗೆ ಯಾವುದಕ್ಕೂ ಪೆನ್ನು ತಾಗಿಸುವಂತಿಲ್ಲ. ನಡುವಿನ ಮಾರಾಟ ಒಂದು ಚೀಟಿಯ ಮೇಲೆ. ಚೀಟಿ ದೇವಿಯ ತಟ್ಟೆಯ ಕೆಳಗೆ. ಪಾಡ್ಯದ ದಿನ ಅದನ್ನು ಹೊಸ ವಹಿಯ ಮೊದಲ ಪುಟಕ್ಕೆ ಇಳಿಸಿ, ಚೀಟಿಯನ್ನು ಪೂಜೆಯ ಹೂವಿನ ಜೊತೆ ಕೆರೆಗೆ ಬಿಡುತ್ತಿದ್ದೆವು. ಸಾಕ್ಷಿಯನ್ನು ಕೈಯಾರೆ ನೀರಿಗೆ ಬಿಟ್ಟು ಕೈಮುಗಿದು ಬರುವ ಜಾಣರು ನಾವು! ನಮ್ಮ ಲೆಕ್ಕದ ವರ್ಷ ದೀಪಾವಳಿಯಿಂದ ದೀಪಾವಳಿಗೆ; ಹೀಗೆ ಹಳೆಯ ವರ್ಷದ ಮಾರಾಟ ಹೊಸ ವರ್ಷದ ಲೆಕ್ಕಕ್ಕೆ ಸೇರುತ್ತಿತ್ತು. ಪ್ರತಿವರ್ಷ ಆ ದಿನಗಳಲ್ಲೇ ಬಂದು ಚಾದರ ಕೊಳ್ಳುವ ಅಕ್ಕಲಕೋಟೆಯ ಅಂಗಡಿಯಾಕೆ, ನಾವು ಮಾವಶಿ ಎಂದು ಕರೆಯುತ್ತಿದ್ದವಳು ಮಾತ್ರ ಅಂದಿನದನ್ನು ಅಂದೇ ಬರೆಯುವವಳು. ತೆರಿಗೆ ಅಧಿಕಾರಿ ಅವಳ ವಹಿಯನ್ನೂ ನಮ್ಮ ಹಳೆಯ ವಹಿಯನ್ನೂ ತಾಳೆ ನೋಡಿದ್ದರು; ಅವಳಲ್ಲಿದ್ದ ಮಾರಾಟ ನಮ್ಮಲ್ಲಿ ಕಂಡಿರಲಿಲ್ಲ.

“ತಪ್ಪಾತು ಅಂತ ಸಹಿ ಮಾಡಿಬಿಡ್ರಿ, ಸಾವಕಾರ್ರ. ದಂಡ ಕಡಿಮಿ ಮಾಡ್ಸೂನು,” ಎಂದರು ನಮ್ಮ ವಕೀಲರು.

“ಅಪ್ಪ ಸಹಿ ಮಾಡೂದಿಲ್ರಿ,” ಎಂದೆ. ಕೇಳದಿದ್ದರೂ ಬಾಯಿ ಹಾಕುವುದು ನನ್ನ ಹುಟ್ಟುಗುಣ.

“ಮತ್ತ ಕಳವಲ್ಲ ಅಂತ ಹ್ಯಾಂಗ ತೋರಸ್ತಿ, ತಂಗಿ?”

“ಹಳೇ ವಹಿ ಎಲ್ಲಾ ಅವರ ಮುಂದ ಇಡ್ತೀನ್ರಿ. ವರ್ಷಾ ವರ್ಷಾ ಹಿಂಗ ಬರದೀವಿ.”

“ಹುಚ್ಚಿ ಇದ್ದೀಯೇನು? ಹಿಂದಿನ ವರ್ಷದ ಹಿಶೋಬನೂ ಬಿಚ್ಚಿಸ್ಯಾರು! ಸುಮ್ನ ಇರಲಾರ್ದ ಇರವಿ ಬಿಟ್ಕೊಂಡಂಗ ಆದೀತು.”

ಆ ಮಾತು ಸುಳ್ಳಲ್ಲ. ಅಪ್ಪ ನೋಟೀಸನ್ನು ಮಡಚಿಟ್ಟು ಹೇಳಿದ: “ಬಿಚ್ಚಿಸ್ಲಿ. ಕಳ್ಳ ಅನಿಸ್ಕೊಂಡು ಅಂಗಡಿ ಗಾದಿ ಮ್ಯಾಲ ಕುಂದ್ರಾಕ ನನಗ ಆಗೂದಿಲ್ಲ.”

ಮರುದಿನವೇ ಎಸ್‌.ಟಿ. ಬಸ್ಸು ಹಿಡಿದು, ತಾಳೆಗೆ ಮಾವಶಿಯ ವಹಿಗಳನ್ನು ತರಲು ಅಕ್ಕಲಕೋಟೆಗೆ ಹೋದೆ. ವಿಷಯ ಕೇಳಿ ಮಾವಶಿ ಸಿಡಿದಳು. “ಅಯ್ಯ, ನಿಮ್ಮಪ್ಪ ಕಳ್ಳ ಅಂದ್ರ ನಾನೂ ಕಳ್ಳಿ! ಒಯ್ಯಿ, ಎಲ್ಲಾ ವಹಿ ಒಯ್ಯಿ.” ಐದು ವರ್ಷದ ವಹಿಗಳನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಒಂದನ್ನೂ ಕೆಳಗಿಡಲಿಲ್ಲ.

ಕಚೇರಿಯ ಮೇಜಿನ ಮೇಲೆ ವರ್ಷಕ್ಕೆ ವರ್ಷ ಜೋಡಿಸಿಟ್ಟೆ. ಅವಳಲ್ಲಿ ಹಬ್ಬದ ಮುಂಚಿನ ತಾರೀಖು; ನಮ್ಮಲ್ಲಿ ಕುಂಕುಮ ಬಿದ್ದ ಮೊದಲ ಪುಟ. ಅದೇ ಚಾದರ, ಅದೇ ಮೊತ್ತ. ಅಧಿಕಾರಿ ಬೆರಳಿಟ್ಟು ಓದಿದರು. ಒಂದೂ ಬಿಟ್ಟುಹೋಗಿರಲಿಲ್ಲ.

“ವರ್ಷ ತಪ್ಪಿದೆ. ತೆರಿಗೆ, ಬಡ್ಡಿ ಕಟ್ಟಲೇಬೇಕು. ದಂಡ ಹಾಕುವುದಿಲ್ಲ,” ಎಂದು ಮರಾಠಿಯಲ್ಲಿ ಹೇಳಿದರು. ಅಪ್ಪ ಎದ್ದು ನಿಂತು, ಮುಚ್ಚಿಟ್ಟಿಲ್ಲ ಎಂಬುದನ್ನು ಬರೆದುಕೊಡಿ ಎಂದ. ಬರೆದುಕೊಟ್ಟರು.

ಆ ದೀಪಾವಳಿಗೂ ಮಾವಶಿ ತ್ರಯೋದಶಿಯ ಮರುದಿನವೇ ಚಾದರಕ್ಕೆ ಬಂದಳು. ನಾನು ರೂಢಿಯಂತೆ ಚೀಟಿಗೆ ಕಾಗದ ಹರಿದೆ. ಅಪ್ಪ ಅದನ್ನು ಕಸಿದುಕೊಂಡು, ಕಟ್ಟಿಟ್ಟಿದ್ದ ಹಳೆಯ ವಹಿಯ ದಾರ ಬಿಚ್ಚಿದ. ಪೆನ್ನನ್ನು ನನ್ನ ಕೈಗಿಟ್ಟ.

“ಇದರಾಗ ಬರಿ, ಅವ್ವಾ. ಲಕ್ಷ್ಮಿ ಸಿಟ್ಟಾದ್ರ ನಾ ನೋಡ್ಕೋತೀನಿ.”