ಕೋಲ್ಡ್ ಫೀಟಿಗೆ ಕರ್ಪೂರದೆಣ್ಣೆ

ಹಾವೇರಿ ಬಸ್ ನಿಲ್ದಾಣದಲ್ಲಿ ಪಕ್ಕಕ್ಕೆ ಕುಳಿತ ಹಿರಿಯರೊಬ್ಬರು ಧೋತರವನ್ನು ಮೊಣಕಾಲಿಗೇರಿಸಿ ಕರ್ಪೂರದೆಣ್ಣೆ ತಿಕ್ಕಿಕೊಳ್ಳತೊಡಗಿದರು. ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಒಬ್ಬನೇ ನಕ್ಕುಬಿಟ್ಟೆ. ಅವರು ನನ್ನನ್ನೊಮ್ಮೆ ನೋಡಿ, ಚೀಲ ಎಳೆದುಕೊಂಡು ಆಚೆ ಸರಿದರು. ಅವರ ತಪ್ಪಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ತನ್ನಷ್ಟಕ್ಕೆ ನಗುವವನಿಂದ ದೂರವಿರುವುದೇ ಕ್ಷೇಮ. ನೀವು ಮಾತ್ರ ಸರಿಯಬೇಡಿ. ಬಸ್ಸಿಗಿನ್ನೂ ಹೊತ್ತಿದೆ, ನಕ್ಕಿದ್ದೇಕೆಂದು ಹೇಳಿಬಿಡುತ್ತೇನೆ.

ನಾನು ಬ್ಯಾಡಗಿಯವನು. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ನನ್ನ ಇಂಗ್ಲಿಷೂ ಅದೇ ತಳಿ. ಇದಕ್ಕೆ ಕಾರಣ ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರು. ಅಲ್ಲ, ಅವರ ಮೂಗು. ನುಡಿಗಟ್ಟುಗಳನ್ನು ಅವರು ಮೂಗಿನಿಂದಲೇ ಕಲಿಸುತ್ತಿದ್ದರು. ‘ಪೀಸ್ ಆಫ್ ಕೇಕ್’ ಎನ್ನುವಾಗ ಅದು ಅರಳುತ್ತಿತ್ತು, ‘ಅಂಡರ್ ದ ವೆದರ್’ ಎನ್ನುವಾಗ ನಿಜಕ್ಕೂ ನೆಗಡಿಯಾದಂತೆ ಕಟ್ಟುತ್ತಿತ್ತು. ನಾನು ಕೊನೆಯ ಬೆಂಚಿನಲ್ಲಿ ಕುಳಿತು ಆ ಮೂಗು, ಆ ಕೆಮ್ಮು, ಕನ್ನಡಕ ಏರಿಸುವ ಆ ಬೆರಳು, ಎಲ್ಲವನ್ನೂ ಶ್ರದ್ಧೆಯಿಂದ ಕಲಿತೆ. ಅವರು ಅರ್ಥ ಹೇಳುವ ಹೊತ್ತಿಗೆ ಮಾತ್ರ ಅಕ್ಕಪಕ್ಕದವರಿಗೆ ಅದನ್ನೆಲ್ಲ ಮಾಡಿ ತೋರಿಸುವುದರಲ್ಲಿ ಮುಳುಗಿರುತ್ತಿದ್ದೆ. ‘ಕಿಕ್ ದ ಬಕೆಟ್’ ಬಳಸಿ ವಾಕ್ಯ ರಚಿಸಿರೆಂದು ಪರೀಕ್ಷೆಯಲ್ಲಿ ಕೇಳಿದಾಗ, ನಮ್ಮಜ್ಜ ದಿನಾಲೂ ಬಚ್ಚಲಲ್ಲಿ ಬಕೆಟ್ ಒದೆಯುತ್ತಾನೆಂದು ಬರೆದೆ. ಮಾಸ್ತರು ಅದನ್ನು ತರಗತಿಗೆಲ್ಲ ಓದಿ ಹೇಳಿ, “ಗಟ್ಟಿ ಮನಷ್ಯಾ ಅದಾನಪಾ ನಿಮ್ಮಜ್ಜ. ದಿನಾ ಸಾಯ್ತಾನ, ದಿನಾ ಎದ್ದು ಚಾ ಕುಡೀತಾನ,” ಎಂದರು.

ಇಂಥ ಪಂಡಿತನ ಕೈಗೆ, ಅಕ್ಕನ ಮದುವೆಗೆ ಎರಡು ವಾರ ಉಳಿದಿದ್ದಾಗ, ವರನಿಂದ ಒಂದು ಮೆಸೇಜು ಬಂತು. ಅವರದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಮಾತು ಬಹಳ ಕಡಿಮೆ. ನಿಶ್ಚಯದ ದಿನ ಅವರ ಬಾಯಿಂದ ಹೊರಟದ್ದು ಬರೀ ‘ಹೂಂ’. ಆ ಹೂಂಕಾರವನ್ನು ನಾನು ಮೂರು ಬಗೆಯಲ್ಲಿ ಅಣಕಿಸಿ ಅಕ್ಕನಿಂದ ಬೈಸಿಕೊಂಡಿದ್ದೆ. ಹೇಳಲು ಸಂಕೋಚವಾದದ್ದನ್ನು ನಾವೆಲ್ಲ ಇಂಗ್ಲಿಷಿನ ಹಿಂದೆ ಅಡಗಿಸುತ್ತೇವಲ್ಲ, ಅವರೂ ಹಾಗೇ ಮಾಡಿದ್ದರು: ‘ಐ ಆ್ಯಮ್ ಗೆಟಿಂಗ್ ಕೋಲ್ಡ್ ಫೀಟ್. ಪ್ಲೀಸ್ ಟೆಲ್ ಅಟ್ ಹೋಮ್.’

ಮಾಸ್ತರು ಇದನ್ನು ಹೇಗೆ ಹೇಳುತ್ತಿದ್ದರೆಂಬುದು ನನಗೆ ಕಣ್ಣಿಗೆ ಕಟ್ಟಿದಂತಿತ್ತು. ‘ಕೋಲ್ಡ್’ಗೆ ಒಂದು ಕೆಮ್ಮು, ‘ಫೀಟ್’ಗೆ ಕನ್ನಡಕ ಮೇಲಕ್ಕೆ. ಅರ್ಥ ಮಾತ್ರ ಸುತರಾಂ ನೆನಪಾಗಲಿಲ್ಲ. ಗೊತ್ತಿಲ್ಲ ಎನ್ನಲು ಮನಸ್ಸು ಬರದೆ, ಅವ್ವನಿಗೆ ಅಕ್ಷರಕ್ಕಕ್ಷರ ಹೇಳಿದೆ: “ಅವರ ಕಾಲು ತಣ್ಣಗಾಗಾಕತ್ತಾವಂತ.”

ನಮ್ಮ ಕಡೆ ಕಾಲು ತಣ್ಣಗಾದವೆಂದರೆ ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವ್ವ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟೆದ್ದು, ಕೊಬ್ಬರಿ ಎಣ್ಣೆ ಕಾಯಿಸಿ ಕರ್ಪೂರ ಹಾಕಿದಳು. ನಾನು ಹಾವೇರಿಯ ಆಫೀಸಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದೆ. ಇಂಗ್ಲಿಷಿನಲ್ಲೇ ಓದು ಎಂದಳು. ಓದಿದೆ, ಮಾಸ್ತರ ಕೆಮ್ಮಿನ ಸಮೇತ. ನೀವು ರಾಣೆಬೆನ್ನೂರಿಗೆ ನಡೀರಿ, ನಾನೂ ಬರುತ್ತೇನೆ ಎಂದು ಫೋನ್ ಇಟ್ಟುಬಿಟ್ಟಳು. ಅದು ಕಾಲಿನ ಸುದ್ದಿಯಲ್ಲ, ಮದುವೆಗೇ ಹಿಂಜರಿಯುವ ಮಾತು ಎಂದು ಆಗ ಗೊತ್ತಿದ್ದವಳು ಅವಳೊಬ್ಬಳೇ.

ಅಂಗಡಿಯಲ್ಲಿ ವರ ನೆಟ್ಟಗೇ ನಿಂತು ಯಾರಿಗೋ ಹತ್ತಿಬೀಜ ಕೊಡುತ್ತಿದ್ದರು. ಅವ್ವ ಏನೂ ಕೇಳದೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಚಪ್ಪಲಿ ಬಿಡಿಸಿ, ಪಾದಕ್ಕೆ ಎಣ್ಣೆ ತಿಕ್ಕತೊಡಗಿದಳು. ಗಿರಾಕಿಗಳು ಬೀಜ ಮರೆತು ನೋಡಿದರು. ಪಾದ ಬೆಚ್ಚಗೇ ಇತ್ತು. ಅವ್ವನಿಗೆ ಗುಮಾನಿ ಬಂದು ತಲೆಯೆತ್ತಿದಳು.

“ಅತ್ತಿಯವರ, ಬ್ಯಾನಿ ಅಲ್ರಿ ಇದು. ಹೆದರಿಕಿ,” ಎಂದರು ವರ.

ಆಮೇಲೆ ಅವರು ತಡೆತಡೆದು ಎಲ್ಲ ಹೇಳಿದರು. ಅಕ್ಕ ಆಫೀಸಿನಲ್ಲಿ ದುಡಿಯುವವಳು, ಅರಳು ಹುರಿದಂತೆ ಮಾತಾಡುವವಳು. ಅವಳೆದುರು ತಮ್ಮ ನಾಲಿಗೆಯೇ ಹೊರಳುವುದಿಲ್ಲ. ಜನ್ಮವೆಲ್ಲ ಹೀಗೇ ಆದರೆ ಅವಳಿಗೇನು ಸುಖ, ಈಗಲೇ ನಿಲ್ಲಿಸುವುದು ಲೇಸು ಎನಿಸಿತಂತೆ.

ಅವ್ವ ಪಾದ ಬಿಡಲಿಲ್ಲ. “ಹೆದರಿಕಿ ಆದ್ರ ಹೆದರಿಕಿ ಆಗೇತಿ ಅನ್ರಿ. ಅದನ್ನ ತಂದು ಕಾಲಿಗ್ಯಾಕ ಹಚ್ಚತೀರಿ?”

ಅಷ್ಟರಲ್ಲಿ ಅಕ್ಕ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿರಬೇಕು. ಅವಳು ಅವರನ್ನಷ್ಟೇ ನೋಡಿ, “ನನಗೂ ಹೆದರಿಕಿ ಐತ್ರಿ. ಅದಕ್ಕ ಅಷ್ಟ ಮಾತಾಡ್ತೇನಿ,” ಎಂದಳು.

ವರ ‘ಹೂಂ’ ಎಂದರು. ಆ ಹೂಂಕಾರವನ್ನು ನಾನು ಈವರೆಗೆ ಅಣಕಿಸಿಲ್ಲ. ಅಕ್ಕನ ಮಾತು ನನ್ನ ಅಂಗಿಯನ್ನೂ ಹಿಡಿದು ಜಗ್ಗಿತ್ತು. ನಾನು ಊರವರ ದನಿಯಲ್ಲೆಲ್ಲ ಮಾತಾಡುವುದೂ ಇದೇ ಹೆದರಿಕೆಗೋ ಏನೋ. ಮದುವೆ ಗೊತ್ತಾದ ದಿನವೇ ಆಯಿತು.

ಈಗ ನಾನು ಹೊರಟಿರುವುದೂ ರಾಣೆಬೆನ್ನೂರಿಗೇ. ಅಲ್ಲಿನ ಶಾಲೆಯೊಂದರಲ್ಲಿ ಮಾಸ್ತರಿಕೆಗೆ ಆರಿಸುವ ಮೊದಲು ಒಂದು ಪಾಠ ಮಾಡಿ ತೋರಿಸಬೇಕು. ಪಾಠ ಯಾವುದು ಗೊತ್ತೇ? ಇಂಗ್ಲಿಷ್ ನುಡಿಗಟ್ಟುಗಳು. ಈ ಸಲ ಅರ್ಥಗಳನ್ನೂ ಓದಿಕೊಂಡಿದ್ದೇನೆ.

ಬಸ್ಸು ಬರುವ ಹೊತ್ತಿಗೆ ಅಕ್ಕನ ಗಂಡನ ಫೋನು, ತಯಾರಿ ಹೇಗಿದೆ ಎಂದು. ಬೇರೆ ದಿನವಾಗಿದ್ದರೆ ಮಾಸ್ತರ ಮೂಗಿನಲ್ಲೋ ಕಂಡಕ್ಟರನ ಗಂಟಲಲ್ಲೋ ಉತ್ತರ ಕೊಡುತ್ತಿದ್ದೆ.

“ಹೆದರಿಕಿ ಆಗೇತ್ರಿ,” ಎಂದೆ.

ಅವರು, “ಇದ್ಯಾರ ದನಿ ತಗದೀಪಾ?” ಎಂದು ಕೇಳಿದರು.

“ನಂದ ರೀ.”