ಮಲಗಿಸಿದರೆ ಮುಚ್ಚುವ ಕಣ್ಣು

ಈ ಮನುಷ್ಯನನ್ನು ಸರಕು ಎಂದು ನೋಡಿದರೆ ಎರಡನೇ ದರ್ಜೆಯದು. ಎತ್ತರ ಸಾಲದು, ಒಂದು ಭುಜ ಜೋತಿದೆ, ತಲೆಗೂದಲಿನ ದಾಸ್ತಾನು ಮುಗಿಯುತ್ತಾ ಬಂದಿದೆ. ಬೆರಳುಗಳು ಮಾತ್ರ ಮೊದಲ ದರ್ಜೆ: ಉದ್ದ, ಸಪೂರ, ನಡುಕವಿಲ್ಲ. ನಾಲಿಗೆಗೆ ಬೆಲೆ ಕಟ್ಟುವುದಾದರೆ ತೆಗೆದುಕೊಂಡು ಹೋಗುವವನಿಗೆ ನಾವೇ ಕೈಯಿಂದ ಏನಾದರೂ ಕೊಟ್ಟು ಕಳಿಸಬೇಕು. ಇನ್ನು ದೊಡ್ಡ ಊನವೊಂದಿದೆ. ಅದನ್ನು ಮರೆಮಾಚಿ ಮಾರುವುದು ನಮ್ಮಂಥ ಅಂಗಡಿಯವರಿಗೆ ಸಲ್ಲದು. ಎಡಗಣ್ಣಿನ ರೆಪ್ಪೆ ಮುಚ್ಚುವುದಿಲ್ಲ. ಹರೆಯದಲ್ಲಿ ಒಂದು ಬೆಳಿಗ್ಗೆ ಎದ್ದಾಗ ಮುಖದ ಎಡಭಾಗ ಸೊಟ್ಟಗಾಗಿತ್ತು. ಬಾಯಿ ಕಾಲಕ್ರಮದಲ್ಲಿ ನೆಟ್ಟಗಾಯಿತು, ರೆಪ್ಪೆ ಮಾತ್ರ ಹಟ ಬಿಡಲಿಲ್ಲ. ಗೊರಕೆ ಹೊಡೆಯುವಾಗಲೂ ಆ ಕಣ್ಣು ಸೂರು ನೋಡುತ್ತಿರುತ್ತದೆ.

ಗೊಂಬೆ ಕಾರ್ಖಾನೆಯಲ್ಲಿ ಅವನ ಹೆಸರು ಅರೆನಿದ್ದೆ. "ಅರೆನಿದ್ದೆ ಮನೆಗೆ ಕಳ್ಳ ನುಗ್ಗಿದ್ನಂತೆ, ಯಜಮಾನ್ರು ಎದ್ದಿದಾರೆ ಅಂದ್ಕೊಂಡು ತಪ್ಪಾಯ್ತು ಅಂತ ಹೇಳಿ ಬಾಗಿಲು ಮುಂದಕ್ಕೆಳ್ಕೊಂಡು ಹೋದ್ನಂತೆ" ಎಂಬ ಹಾಸ್ಯ ಆ ಕಟ್ಟಡದ ಸುಣ್ಣಕ್ಕಿಂತ ಹಳೆಯದು. ಅವನೇನು ಕೇಳಿಕೊಂಡು ಸುಮ್ಮನಿರುವ ಗಿರಾಕಿಯಲ್ಲ. ಕಾಲೆಳೆದು ನಡೆಯುವ ಬಣ್ಣದವನಿಗೆ, "ನಿನ್ನ ಹೆಜ್ಜೆ ಗುರುತು ಹಿಡಿಯೋಕೆ ಪೊಲೀಸರೇ ಬೇಡ ಕಣಯ್ಯ, ಕುರುಡ ಸಾಕು" ಅನ್ನುತ್ತಿದ್ದ. ಕೊಡುವುದಕ್ಕೂ ತೆಗೆದುಕೊಳ್ಳುವುದಕ್ಕೂ ಅಲ್ಲಿ ಯಾರೂ ಮುಖ ನೋಡುತ್ತಿರಲಿಲ್ಲ.

ಅವನ ಜಾಗ ಕಣ್ಣಿನ ಮೇಜು. ಉದ್ದದ ಹಲಗೆಗೆ ಗೂಟಗಳನ್ನು ಹೊಡೆದಿದ್ದರು. ಒಂದೊಂದು ಗೂಟಕ್ಕೂ ಒಂದೊಂದು ಪ್ಲಾಸ್ಟಿಕ್ ತಲೆ, ಬೋಳು ಬುರುಡೆ, ಕಣ್ಣಿನ ಜಾಗದಲ್ಲಿ ಎರಡು ತೂತು. ಆ ತೂತುಗಳಿಗೆ ಬೇರೆ ಊರಿನಿಂದ ಬರುವ ಗಾಜಿನ ಕಣ್ಣು ಕೂರಿಸುವುದು ಅವನ ಕೆಲಸ. ಗೊಂಬೆಯನ್ನು ನಿಲ್ಲಿಸಿದರೆ ಕಣ್ಣು ತೆರೆಯಬೇಕು, ಮಲಗಿಸಿದರೆ ಮುಚ್ಚಬೇಕು.

ಒಂದು ಬೆಳಿಗ್ಗೆ ಧಣಿ ಮೇಜಿನ ಬಳಿ ಬಂದು ಒಂದು ತಲೆಯನ್ನು ಗೂಟದಿಂದ ಕಿತ್ತು ಕೈಯಲ್ಲಿ ತಿರುಗಿಸಿದ.

"ಈ ಕಣ್ಣಿನ ಬೆಲೆ ಮತ್ತೆ ಏರಿದೆ. ಇಡೀ ಗೊಂಬೆ ಒಂದು ತೂಕ, ಕಣ್ಣೇ ಒಂದು ತೂಕ. ಸಾಕು. ಇನ್ಮೇಲೆ ಕುಂಚದಲ್ಲಿ ಬರ್ಸಿಬಿಡೋಣ."

"ಬರೆದ ಕಣ್ಣು ಮುಚ್ಚಲ್ಲ ಧಣಿ."

"ನಿನ್ನದು ಮುಚ್ಚುತ್ತಾ? ಬದುಕಿಲ್ವಾ ನೀನು?"

ಸುತ್ತಲಿದ್ದವರು ನಕ್ಕರು. ಧಣಿ ನಗಲಿಲ್ಲ, ಅವನು ನಿಜವಾಗಿಯೇ ಕೇಳಿದ್ದ.

"ಖರೀದಿದಾರರ ಸಭೆ ಬರ್ತಾ ಇದೆ. ಅಷ್ಟರೊಳಗೆ ಗೊಂಬೆಯ ಬೂಟಿಗಿಂತ ಅಗ್ಗದ ಕಣ್ಣು ಮಾಡಿ ತೋರ್ಸು. ಆಗಲಿಲ್ವೋ, ಮೇಜು ಎತ್ತಿಸ್ತೀನಿ. ನಿನಗೆ ಹತ್ತಿ ಕೋಣೇಲಿ ಜಾಗ ಇದ್ದೇ ಇದೆ."

ಹತ್ತಿ ಕೋಣೆಯೆಂದರೆ ಗೊಂಬೆಯ ಬಟ್ಟೆ ಮೈಗೆ ಹಾಳುಹತ್ತಿ ತುಂಬುವ ಜಾಗ. ಕಿಟಕಿ ತೆರೆದರೆ ಹತ್ತಿ ಹಾರಿಹೋಗುತ್ತದೆಂದು ಮೊಳೆ ಹೊಡೆದು ಮುಚ್ಚಿದ್ದರು. ಒಳಗಿನ ಗಾಳಿಯನ್ನು ಕೈಯಲ್ಲಿ ಹಿಡಿದು ದಿಂಬು ಮಾಡಬಹುದು. ಮುಚ್ಚುವ ಕಣ್ಣಿದ್ದವರೇ ಅಲ್ಲಿಂದ ಕೆಂಡದಂಥ ಕಣ್ಣು ಹೊತ್ತು ಹೊರಬರುತ್ತಿದ್ದರು. ಮುಚ್ಚದ ಕಣ್ಣಿನ ಬಗ್ಗೆ ವೈದ್ಯರು ಮೊದಲೇ ಹೇಳಿಬಿಟ್ಟಿದ್ದರು: "ಧೂಳಲ್ಲಿ ಮಾತ್ರ ಕೂರಬೇಡಿ. ಕೂತ್ರೆ ಆ ಕಣ್ಣಿನ ಆಸೆ ಬಿಡಿ." ಇದು ಕಾರ್ಖಾನೆಗೆಲ್ಲ ಗೊತ್ತಿತ್ತು. ಧಣಿಗೂ ಗೊತ್ತಿತ್ತು.

ಹತ್ತಿ ಕೋಣೆಯ ಮೇಸ್ತ್ರಿ ಅರೆನಿದ್ದೆಯ ಹೆಂಡತಿಯ ತಮ್ಮ. ಅವನಂತೂ ಮಧ್ಯಾಹ್ನವೇ ಬಂದು ಮೇಜಿನ ತುದಿಗೆ ಒರಗಿ ನಿಂತ.

"ಭಾವ, ನಿಮಗೇಂತ ಮೂಟೆ ಪಕ್ಕ ಒಳ್ಳೇ ಜಾಗ ಇಟ್ಟಿದೀನಿ. ಮೆತ್ತಗಿದೆ. ಒಂದು ಕಣ್ಣಾದ್ರೂ ನಿದ್ದೆ ಮಾಡಬಹುದು."

"ನಿನ್ನ ತಲೇಲಿ ತುಂಬಿ ಮಿಕ್ಕಿದ ಹತ್ತಿ ಅಲ್ವೇನೋ ಅದು? ನನಗೆ ಬೇಡ."

ಮಾತೇನೋ ಬಾಯಿಂದ ಬಂತು. ಕೈಯಲ್ಲಿದ್ದ ಇಕ್ಕಳ ಮಾತ್ರ ಬಹಳ ಹೊತ್ತು ಗಾಜಿನ ಕಣ್ಣನ್ನು ಹಿಡಿದುಕೊಂಡೇ ಇತ್ತು, ಕೂರಿಸಲಿಲ್ಲ.

ಮನೆಯೆಂದರೆ ಎರಡು ಕೋಣೆ. ಮುಂದಿನದರಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಅದರ ಸುತ್ತ ಅಂಗೈಯಗಲದ ಲಂಗಗಳ ರಾಶಿ. ಗೊಂಬೆಗೆ ಬಟ್ಟೆ ಹೊಲಿದು ಕಾರ್ಖಾನೆಗೆ ಕೊಡುತ್ತಿದ್ದಳು. ಹಿಂದಿನದರಲ್ಲಿ ಒಲೆ, ಹಾಸಿಗೆ, ಈಗ ಅವನ ಕಣ್ಣುಗಳು. ತಾಯಿ ತೀರಿಹೋದ ಮೇಲೆ ತಮ್ಮನನ್ನು ಕಂಕುಳಿನಿಂದ ಇಳಿಸದೆ ಸಾಕಿದವಳು ಅವಳು; ಸಾಕಿದ್ದು ಎಂಥದ್ದಾಗಿ ಬೆಳೆಯಿತೆಂದು ಮೇಲೆ ನೋಡಿದ್ದೇವೆ. ಸ್ವಂತ ಮಕ್ಕಳಾಗಲಿಲ್ಲ. ಒಲೆಯಿಂದ ಇಳಿಸಿಟ್ಟ ಪಾತ್ರೆಯನ್ನು ಬಳಸಿಕೊಂಡು ಓಡಾಡುವ ಹಾಗೆ ಗಂಡಹೆಂಡಿರು ಆ ವಿಷಯವನ್ನು ಬಳಸಿಕೊಂಡು ಓಡಾಡುತ್ತಿದ್ದರು.

ಅಗ್ಗದ ಕಣ್ಣಿಗೆ ಅವನು ಮೊದಲು ಅಂಗಿ ಗುಂಡಿ ಕತ್ತರಿಸಿ ನೋಡಿದ. ಗೊಂಬೆ ದೆವ್ವ ಹೊಕ್ಕಂತೆ ಕಂಡಿತು. ಮೇಣದ ಉಂಡೆ ಮಾಡಿದ. ಬಿಸಿಲಿಗಿಟ್ಟರೆ ಗೊಂಬೆ ಅತ್ತಿತು. ಕೊನೆಗೆ ದಾರಿ ತೋರಿಸಿದ್ದು ಮಾತ್ರೆಯ ಹಾಳೆ. ಮಾತ್ರೆ ತೆಗೆದ ಮೇಲೆ ಉಳಿಯುವ ಪ್ಲಾಸ್ಟಿಕ್ ಗುಳ್ಳೆಯಿದೆಯಲ್ಲ, ಅದು ಕಣ್ಣುಗುಡ್ಡೆಯ ತದ್ರೂಪು. ಔಷಧದಂಗಡಿಯ ಹಿಂದಿನ ಕಸದಲ್ಲಿ ಬೇಕಾದಷ್ಟು ಬಿದ್ದಿರುತ್ತಿತ್ತು. ಎರಡು ಗುಳ್ಳೆಗಳನ್ನು ಒಂದೇ ತಂತಿಗೆ ಪೋಣಿಸಿದ. ಮೇಲರ್ಧಕ್ಕೆ ಚರ್ಮದ ಬಣ್ಣ, ಅದು ರೆಪ್ಪೆ. ಕೆಳಗರ್ಧಕ್ಕೆ ಬಿಳಿ, ನಡುವೆ ಕಪ್ಪು. ತಂತಿಯ ಮಧ್ಯದಿಂದ ತಲೆಯೊಳಕ್ಕೆ ಒಂದು ಬಾಲ ಇಳಿಬಿಟ್ಟು, ಅದರ ತುದಿಗೆ ಸುಟ್ಟ ಮಣ್ಣಿನ ಗುಂಡು ಸಿಕ್ಕಿಸಿದ. ತಲೆ ಹಿಂದಕ್ಕೆ ವಾಲಿದರೂ ಗುಂಡು ನೆಲದ ಕಡೆಗೇ ತೂಗುತ್ತದೆ, ಗುಳ್ಳೆಗಳು ಹೊರಳುತ್ತವೆ, ರೆಪ್ಪೆ ಇಳಿಯುತ್ತದೆ. ಎರಡು ಕಣ್ಣಿಗೆ ಒಂದೇ ತಂತಿ, ಒಂದೇ ಗುಂಡು. ರೆಪ್ಪೆಗೂದಲಿಗೆ ಹಳೆಯ ಬ್ರಷ್ಷಿನ ಎಳೆ. ಬೂಟಿಗಿಂತ ಅಗ್ಗ ಬಿಡಿ, ಬೂಟಿನ ಲೇಸಿಗಿಂತ ಅಗ್ಗ.

ಹಲಗೆಯ ಮೇಲೆ ಅಂಗಾತ ಮಲಗಿಸಿದ. ಟಪ್ ಎಂದು ಮುಚ್ಚಿತು. ಎಬ್ಬಿಸಿದ, ತೆರೆಯಿತು. ಮತ್ತೆ ಮಲಗಿಸಿದ. ತನ್ನ ಮುಖ ಮಾಡಲಾರದ್ದನ್ನು ಕೈ ಮಾಡಿತಲ್ಲ ಎಂದು ಅವನಿಗೆ ಎಷ್ಟು ಖುಷಿಯಾಯಿತೆಂದರೆ ಹೆಂಡತಿಯನ್ನು ಕರೆದ.

ಅವಳು ಸೂಜಿಯನ್ನು ಎದೆಯ ಸೆರಗಿಗೆ ಚುಚ್ಚಿಕೊಂಡು ಎದ್ದು ಬಂದು ನೋಡಿದಳು.

"ಚೆನ್ನಾಗಿದೆ. ಒಂದ್ಸಲ ಮಡಿಲಲ್ಲಿ ಹಾಕ್ಕೊಂಡು ನೋಡಿದ್ರಾ?"

"ಮಡಿಲಲ್ಲಿ ಯಾಕೆ? ಮಲಗಿಸಿದ್ರೆ ಮುಚ್ಚುತ್ತೆ."

"ಹುಡುಗೀರು ಹಲಗೆ ಮೇಲೆ ಎಲ್ಲಿ ಮಲಗಿಸ್ತಾರೆ? ತೋಳ ಮೇಲೆ ಹಾಕ್ಕೊಂಡು ತಟ್ತಾರೆ. ಮಗೂನ ಹೆಂಗೆ..."

"ಮಡಿಲಿನ ವಿಷಯ ನಿನಗೇನೇ ಗೊತ್ತು?" ಎಂದುಬಿಟ್ಟ.

ಅವಳು ಸೆರಗಿನಿಂದ ಸೂಜಿ ತೆಗೆದಳು, ದಾರ ಪೋಣಿಸಿದಳು, ಹೋಗಿ ಯಂತ್ರದ ಮುಂದೆ ಕುಳಿತಳು. ದಿನಾ ಮಲಗುವ ಮುಂಚೆ ಅವನ ಎಡಗಣ್ಣಿಗೆ ಔಷಧ ಬಿಟ್ಟು, ರೆಪ್ಪೆ ಕೆಳಗೆಳೆದು ಮೆತ್ತನೆಯ ಬಟ್ಟೆಪಟ್ಟಿ ಕಟ್ಟುತ್ತಿದ್ದವಳು ಅಂದಿನಿಂದ ಪಟ್ಟಿಯನ್ನು ದಿಂಬಿನ ಮೇಲೆ ಇಟ್ಟು ಹೋಗತೊಡಗಿದಳು. ಅವನೇ ಕಟ್ಟಿಕೊಂಡ. ಸೊಟ್ಟಗೆ ಕಟ್ಟಿಕೊಂಡ.

ಮಡಿಲಲ್ಲಿ ಹಾಕಿ ನೋಡದ ಅವನ ತಪ್ಪು ಕಾರ್ಖಾನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ, ಬೀಳುವ ಹಾಗೂ ಇರಲಿಲ್ಲ. ಗೊಂಬೆ ಮಾಡುವವರು ಗೊಂಬೆಯನ್ನು ಎತ್ತಿಕೊಳ್ಳುವುದಿಲ್ಲ. ಕೋಳಿಯನ್ನು ಹಿಡಿದಂತೆ ಕುತ್ತಿಗೆ ಹಿಡಿಯುತ್ತಾರೆ, ಹಲಗೆಯ ಮೇಲೆ ಕೆಡವುತ್ತಾರೆ, ಪೆಟ್ಟಿಗೆಗೆ ತುರುಕುತ್ತಾರೆ. ಧಣಿ ಒಂದು ಗೊಂಬೆಯನ್ನು ಕೆಡವಿದ, ಎತ್ತಿದ, ಕೆಡವಿದ. "ಪರವಾಗಿಲ್ಲ" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ಯಾರೂ ಕೇಳಿರಲಿಲ್ಲ.

ಖರೀದಿದಾರರ ಸಭೆ ಒಂದು ಉದ್ದನೆಯ ಸಭಾಂಗಣದಲ್ಲಿ ನಡೆಯಿತು. ಸಾಲು ಮೇಜುಗಳು, ಮೇಲೆ ಬಿಳಿ ಬಟ್ಟೆ, ಹಿಂದೆ ಮಾರುವವರು, ಮುಂದೆ ಎಲ್ಲವನ್ನೂ ಮೂಸಿ ನೋಡುವ ನಮ್ಮಂಥ ವ್ಯಾಪಾರಿಗಳು. ಧಣಿ ಅರೆನಿದ್ದೆಗೆ ಇಸ್ತ್ರಿ ಅಂಗಿ ಹಾಕಿಸಿ ಮೇಜಿನ ಹಿಂದೆ ನಿಲ್ಲಿಸಿದ್ದ. ಆಟಿಕೆ ಮಳಿಗೆಗಳ ಒಡತಿಯೊಬ್ಬಳಿದ್ದಳು, ಬೆಳ್ಳಿಕೂದಲಿನ ಅಜ್ಜಿ; ಅವಳು ಕೊಂಡರೆ ಉಳಿದವರು ಕೊಳ್ಳುತ್ತಿದ್ದರು, ಅವಳು ಮೂಗು ಮುರಿದರೆ ಉಳಿದವರಿಗೆ ನೆಗಡಿ. ಅಜ್ಜಿ ಗೊಂಬೆಯನ್ನು ಕೆಡವಲಿಲ್ಲ. ಎತ್ತಿ ಎಡತೋಳಿನ ಮೇಲೆ ಹಾಕಿಕೊಂಡು ಎರಡು ಸಲ ತಟ್ಟಿದಳು. ರೆಪ್ಪೆ ಅರ್ಧಕ್ಕೆ ಇಳಿದು ನಿಂತಿತು.

ಇನ್ನೊಂದು ಗೊಂಬೆ ಎತ್ತಿಕೊಂಡಳು. ಅದೂ ಅರ್ಧ.

"ಇದೇನಪ್ಪ, ಅಮಲೇರಿದ ಹಾಗೆ ನೋಡ್ತಾ ಇದೆ?" ಎಂದು ತಲೆ ಎತ್ತಿದವಳ ದೃಷ್ಟಿ ಅರೆನಿದ್ದೆಯ ಮುಖದ ಮೇಲೆ ಬಿತ್ತು. "ಓ, ಮನೆತನದ ಹೋಲಿಕೆ."

ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿ ನುಂಗಿದ್ದ ಅರ್ಧ ವಾಕ್ಯ ಈಗ ಅರೆನಿದ್ದೆಗೆ ಪೂರ್ತಿ ಕೇಳಿಸಿತ್ತು. ಅಜ್ಜಿ ಗೊಂಬೆಯನ್ನು ಕೆಳಗಿಟ್ಟು ಪಕ್ಕದ ಮೇಜಿನ ಕಡೆ ತಿರುಗಿದಳು. ಅವಳ ಬೆನ್ನ ಹಿಂದೆ ಉಳಿದವರೂ ತಿರುಗತೊಡಗಿದರು.

ಧಣಿ ವ್ಯಾಪಾರಿ. ಕೈಯಿಂದ ಜಾರಿದ ಗಿರಾಕಿಯನ್ನು ನಗಿಸಿ ವಾಪಸು ಕರೆಯಬಹುದೆಂದು ಬಲ್ಲ. ಅಲ್ಲೇ ಕಿರುಚಿದ:

"ಹೋಲಿಕೆ ಇರೋದು ನಿಜ ಅಮ್ಮಾ, ಆದ್ರೆ ಮಗು ಅಪ್ಪನಿಗಿಂತ ಎಷ್ಟೋ ಮೇಲು! ಪಕ್ಕಪಕ್ಕ ಇಟ್ಟು ತೋರಿಸ್ತೀನಿ, ನೀವೇ ನೋಡಿ." ಅರೆನಿದ್ದೆಯ ಕಡೆ ತಿರುಗಿ ದನಿ ತಗ್ಗಿಸಿದ. "ಮೇಜು ಹತ್ತಿ ಮಲಕ್ಕೋ."

"ಧಣಿ..."

"ಇಲ್ಲಿ ಮಲಗ್ತೀಯೋ, ಹತ್ತಿ ಕೋಣೇಲಿ ಮಲಗ್ತೀಯೋ?"

ಅವನು ಚಪ್ಪಲಿ ಬಿಟ್ಟು ಮೇಜು ಹತ್ತಿದ. ಬಿಳಿ ಬಟ್ಟೆಯ ಮೇಲೆ ಅಂಗಾತ ಮಲಗಿದ. ಧಣಿ ಪಕ್ಕದಲ್ಲಿ ಗೊಂಬೆಯನ್ನು ಮಲಗಿಸಿದ.

"ಇಬ್ರೂ ನಿದ್ದೆ ಮಾಡಿ. ಒಂದು, ಎರಡು, ಹೂಂ!"

ಗೊಂಬೆಯ ಕಣ್ಣು ಟಪ್ ಎಂದು ಮುಚ್ಚಿತು. ಅವನ ಬಲಗಣ್ಣು ಮುಚ್ಚಿತು. ಎಡಗಣ್ಣು ಸಭಾಂಗಣದ ಫ್ಯಾನನ್ನೂ, ಅದರ ಕೆಳಗೆ ಬಗ್ಗಿದ ಮುಖಗಳನ್ನೂ, ಆ ಮುಖಗಳ ಬಾಯೊಳಗಿನ ಹಲ್ಲುಗಳನ್ನೂ ನೋಡುತ್ತಿತ್ತು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಾರೋ ಅವನ ಹುಬ್ಬಿನ ಮೇಲೆ ಬೆರಳಿಟ್ಟು ಒತ್ತಿ ನೋಡಿದರು. ಅಜ್ಜಿ ಕೂಡ ಕಣ್ಣೊರೆಸಿಕೊಂಡು ಹಿಂತಿರುಗಿದಳು. "ತಗೋತೀನಿ. ಆದ್ರೆ ಸರಕು ಬರೋ ಹೊತ್ತಿಗೆ ತೋಳ ಮೇಲೂ ಪೂರ್ತಿ ಮುಚ್ಚಬೇಕು. ಇಲ್ದಿದ್ರೆ ಅಷ್ಟೂ ವಾಪಸ್."

ವಾಪಸು ಬಂದರೆ ಮೇಜು ಹೋಗುತ್ತದೆ, ಮೇಜಿನ ಜೊತೆ ಕಣ್ಣು. ಅರೆನಿದ್ದೆ ಮನೆಗೆ ಬಂದಾಗ ಭಾವಮೈದುನ ಅಕ್ಕನ ಎದುರು ಕುಳಿತು ಚಹಾ ಹೀರುತ್ತಿದ್ದ. ಸುದ್ದಿ ಅವನಿಗಿಂತ ಮುಂಚೆ ಬಂದು ಕುಳಿತಿತ್ತು ಎಂದಾಯಿತು. ಅರೆನಿದ್ದೆ ಗೊಂಬೆಯನ್ನು ಯಂತ್ರದ ಮೇಲೆ ಇಟ್ಟ.

"ತೋರ್ಸು."

"ಏನನ್ನ?" ಅವಳು ತಲೆ ಎತ್ತಲಿಲ್ಲ.

"ತೋಳ ಮೇಲೆ ಹಾಕ್ಕೊಳ್ಳೋದು. ಎಷ್ಟು ಓರೆ ಬರುತ್ತೆ ಅಂತ ಅಳೀಬೇಕು."

"ನನಗೆ ಗೊತ್ತು ಅಂತ ಯಾರು ಹೇಳಿದ್ರು ನಿಮಗೆ?"

ಅವನು ಭಾವಮೈದುನನ ಕಡೆ ನೋಡಿದ. ಆಸಾಮಿ ಏಳುವ ಹಾಗೆ ಕಾಣಲಿಲ್ಲ. ಚಹಾ ಇನ್ನೂ ಇತ್ತು.

"ನಾನೇ ಹೇಳ್ತಿದೀನಿ. ನಿನಗೆ ಗೊತ್ತು."

"ಕೇಳಿಸ್ಲಿಲ್ಲ. ತಮ್ಮಾ, ನಿನಗೆ ಕೇಳಿಸ್ತೇನೋ?"

"ಇಲ್ಲಕ್ಕ. ಕಿವಿ ತುಂಬ ಹತ್ತಿ."

"ನಿನಗೆ ಗೊತ್ತು," ಎಂದು ಅರೆನಿದ್ದೆ ಬೀದಿಗೆ ಕೇಳುವಷ್ಟು ಜೋರಾಗಿ ಹೇಳಿದ. "ನನಗೆ ಗೊತ್ತಿಲ್ಲ."

ಅವಳು ಗೊಂಬೆಯನ್ನು ಎತ್ತಿಕೊಂಡಳು. ಎಡತೋಳು ತಾನಾಗಿಯೇ ಬಾಗಿತು, ಬಲಗೈ ತಾನಾಗಿಯೇ ತಟ್ಟತೊಡಗಿತು, ಸೊಂಟ ಒಂದಿಷ್ಟು ತೂಗಿತು. ಅವನು ದಾರಕ್ಕೆ ಮಣ್ಣಿನ ಗುಂಡು ಕಟ್ಟಿ ಗೊಂಬೆಯ ಕೆನ್ನೆಯ ಪಕ್ಕ ಇಳಿಬಿಟ್ಟು ಓರೆಯನ್ನು ರಟ್ಟಿನ ಮೇಲೆ ಗೆರೆ ಎಳೆದುಕೊಂಡ. ಅವಳ ಮುಖ ನೋಡಲಿಲ್ಲ. ಭಾವಮೈದುನ ಲೋಟ ಕೆಳಗಿಟ್ಟು ಎದ್ದು ಹೋದ.

ಆ ಓರೆಗೆ ತಕ್ಕಂತೆ ತಂತಿಯ ಬಾಲ ಬಗ್ಗಿಸಿ, ರೆಪ್ಪೆಯ ಬಣ್ಣವನ್ನು ಇನ್ನಷ್ಟು ಕೆಳಕ್ಕೆ ಇಳಿಸಿದ. ಗೊಂಬೆ ತೋಳಿಗೆ ಬಿದ್ದ ಕೂಡಲೇ ಮಲಗಿತು. ಅಜ್ಜಿಯ ಮಳಿಗೆಗಳಿಂದ ಒಂದು ಗೊಂಬೆಯೂ ಹಿಂತಿರುಗಲಿಲ್ಲ. ಕಣ್ಣಿನ ಮೇಜು ಅಲ್ಲಾಡದೆ ನಿಂತಿತು.

ಮುಂದಿನ ಸಭೆಗೆ ಅವನು ಅದೇ ಇಸ್ತ್ರಿ ಅಂಗಿ ಹಾಕಿಕೊಂಡು, ಈ ಸಲ ತಲೆ ಎತ್ತಿಯೇ ಹೋದ. ಕಣ್ಣು ಈಗ ನೆಟ್ಟಗಿದೆ, ಯಾರನ್ನೂ ನಗಿಸಬೇಕಾಗಿಲ್ಲ. ಆದರೆ ಬಂದವರು ಗೊಂಬೆಯನ್ನು ಎತ್ತುವ ಮೊದಲೇ ಕೇಳಿದ್ದು, "ಎಲ್ಲಿ, ಆ ಮಲಗೋ ಮನುಷ್ಯ?" ಧಣಿ ಅವನ ಕಡೆ ನೋಡಿದ. ಅರೆನಿದ್ದೆ ಚಪ್ಪಲಿ ಬಿಟ್ಟ.

ಸಭೆಯ ಗೊಂಬೆಗಳಿಗೆ ಹೊಲಿದ ಲಂಗಗಳ ಗಂಟನ್ನು ತಂದುಕೊಡಲು ಅಂದು ಹೆಂಡತಿಯೂ ಬಂದಿದ್ದಳು. ಗುಂಪಿನ ಹಿಂದೆ ಗಂಟು ಹೊತ್ತು ನಿಂತವಳನ್ನು ಅವನ ಎಡಗಣ್ಣು ಮಲಗಿದಲ್ಲಿಂದಲೇ ಕಂಡಿತು. ಧಣಿ ಎಣಿಸಿದ, ಗೊಂಬೆ ಕಣ್ಣು ಮುಚ್ಚಿತು, ಸಭೆ ಹೋ ಎಂದಿತು. ಅವಳು ಮೊದಲು ಸುಮ್ಮನೆ ನೋಡಿದಳು. ಆಮೇಲೆ ಅವಳ ಬಾಯಿಯೂ ಅರಳಿತು. ನಕ್ಕಳು, ಉಳಿದವರಂತೆಯೇ, ಉಳಿದವರಿಗಿಂತ ತುಸು ಹೆಚ್ಚು ಹೊತ್ತು. ನೋಡಬಾರದೆಂದು ಅವನು ಬಲಗಣ್ಣನ್ನು ಇನ್ನೂ ಗಟ್ಟಿಯಾಗಿ ಮುಚ್ಚಿದ.

ಅವನಿಗೆ ಈಗ ವಯಸ್ಸಾಗಿದೆ. ಎಡಗಣ್ಣು ಇನ್ನೂ ಚೆನ್ನಾಗಿ ಕಾಣುತ್ತದೆ, ಹತ್ತಿ ಕೋಣೆಯ ಹೊಸ್ತಿಲು ತುಳಿದಿಲ್ಲ. ಪಟ್ಟಿಯನ್ನು ಈಗಲೂ ತಾನೇ ಕಟ್ಟಿಕೊಳ್ಳುತ್ತಾನೆ. ಸಭೆ ಬಂದಾಗಲೆಲ್ಲ ಮೇಜು ಹತ್ತಿ ಮಲಗುತ್ತಾನೆ. ಆ ಮೇಜಿನ ಸುತ್ತ ಬಗ್ಗಿ ನೋಡಿ, ನಕ್ಕು, ಗೊಂಬೆ ಕೊಂಡವರಲ್ಲಿ ನಾವೂ ಇದ್ದೆವು. ನಮ್ಮ ಅಂಗಡಿ ಬಾಗಿಲು ಹಾಕದೆ ಉಳಿದದ್ದು ಆ ಗೊಂಬೆಗಳಿಂದ. ಗೊಂಬೆಗಳಿಗೆ ಬೆಲೆ ಕೊಟ್ಟಿದ್ದೇವೆ. ಅವನು ಮಲಗಿದ್ದಕ್ಕೆ ಕೊಟ್ಟಿಲ್ಲ. ಅದು ಬಾಕಿ ಇದೆ.